ನಾಲಿಗೆಗೆ ಅಂಟದ ಕಲ್ಲು

ಶ್ರೀರಾಂಪುರ

ಭೂವಿಜ್ಞಾನಿ ಸುಮಿತ್ರಾ ಮೇಡಂ ಅವರಿಗೆ ಹುಲಿಗೆಮ್ಮನ ನಮಸ್ಕಾರ.

ಬಾವಿ ತೋಡುವಾಗ ಕಲ್ಲು ಕುಸಿದು ನನ್ನ ಮಗ ಪ್ರಭು ತೀರಿಕೊಂಡದ್ದಕ್ಕೆ, ಮೇಸ್ತ್ರಿಯಾದ ನನ್ನ ತಮ್ಮನ ಮಗ ಬೋರಪ್ಪನೇ ಕಾರಣವೆಂದು ನೀವು ವರದಿ ಬರೆಯುತ್ತಿದ್ದೀರಂತೆ. ಅದನ್ನು ತಿದ್ದಬೇಕು.

ಮರಳುಗಲ್ಲಿನ ಜೇಡಿ ಹೊರಗಿನಿಂದ ಬಂದದ್ದಲ್ಲ, ಕಲ್ಲಿನೊಳಗಿನ ಕೆಲವು ಹರಳುಗಳೇ ನೀರು ತಾಗಿ ತಾಗಿ ಜೇಡಿಯಾಗುತ್ತವೆ ಎಂದು ನೀವು ಹೇಳಿದಿರಿ. ಹಾಗಾದ ಕಲ್ಲು ಸಡಿಲವಾಗಿ ಕುಸಿಯುತ್ತದೆ, ಆದರೆ ಆ ಜೇಡಿ ಕಣ್ಣಿಗೆ ಕಾಣದು. ಅದಕ್ಕೇ ಬಾವಿ ತೋಡುವ ನಮ್ಮ ಮನೆತನದಲ್ಲಿ ಹಿರಿಯರು ಕಲ್ಲಿನ ಚೂರನ್ನು ಒಣ ನಾಲಿಗೆಗೆ ಒತ್ತಿ ನೋಡುತ್ತಾರೆ. ಜೇಡಿಯಿದ್ದರೆ ಅಂಟುತ್ತದೆ. ಅಂಟಿದರೆ ಯಾರೂ ಕೆಳಗಿಳಿಯುವುದಿಲ್ಲ. ಮೂವತ್ತು ವರ್ಷದಿಂದ ನೋಡುವವಳು ನಾನೇ.

ನಾಲಿಗೆ ಒದ್ದೆಯಿದ್ದರೆ ಜೇಡಿಯೂ ಅಂಟದು. ಆ ದಿನ ನನ್ನ ಬಾಯಲ್ಲಿ ಎಲೆಅಡಿಕೆಯಿತ್ತು. ಉಗುಳಿ ನಾಲಿಗೆ ಒರೆಸಿಕೊಳ್ಳಲಿಲ್ಲ. ಕಲ್ಲು ಅಂಟಲಿಲ್ಲ.

“ಅತ್ತೆ, ಬಾಯಿ ತೊಳ್ಕಂಡು, ನಾಲಿಗೆ ಒರೆಸ್ಕಂಡು ಇನ್ನೊಂದ್ಸಲ ನೋಡ್ರಿ” ಎಂದ ಬೋರಪ್ಪ.

“ನಂಗೇ ಕಲಿಸ್ತೀಯೇನಲೇ?” ಎಂದೆ. ಎಲ್ಲರೂ ನಕ್ಕರು. ಪ್ರಭುವೂ ನಗುತ್ತಲೇ ಇಳಿದ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಅದೇ ಕಲ್ಲನ್ನು ಒಣ ಬಾಯಲ್ಲಿ ನೋಡಿದೆ. ಕಿತ್ತು ತೆಗೆಯಬೇಕಾಯಿತು.

ವರದಿಯಲ್ಲಿ ನನ್ನ ಹೆಸರು ಬರೆಯಿರಿ. ಸಹಿ ಹಾಕಲು ನಾನೇ ಬರುತ್ತೇನೆ. ಬೋರಪ್ಪನನ್ನು ಇನ್ನು ಕರೆಸಬೇಡಿ.

ಇದನ್ನು ಸ್ವಂತ ಕೈಯಿಂದ ಬರೆದವಳು,
ಹುಲಿಗೆಮ್ಮ