ಹದಿನೈದನೇ ವೋಚರ್

ತಂಗಿ ಮಾನ್ಯಾ,

ಫೋನ್ ಮಾಡಿದ್ರೆ ಬಾಯೇ ಬರಾಕಿಲ್ಲ, ಅದ್ಕೇ ಬಿಡದಿ ರೂಮಿಂದ ವಾಯ್ಸ್ ಕಳಿಸ್ತಾ ಇವ್ನಿ. ಅವ್ವನ ಮುಂದೆ ಹಾಕ್ಬ್ಯಾಡ.

ಕಾಲೇಜು ಫೀಸಿಗೆ ಸರ್ಕಾರ ಕೊಡೋ ವೋಚರ್, ಸೇರೋ ಕಾಲೇಜಿಗೆ ಕೊಡೋದು, ಅದು ನಂಗೆ ಬರ್ಲೇ ಇಲ್ಲ ಅಂದಿದ್ನಲ್ಲ, ಸುಳ್ಳು ಕಣವ್ವ. ಬಂದಿತ್ತು. ನಿಮ್ಮ ಗೌರ್ಮೆಂಟ್ ಕಾಲೇಜಿಗೇ ಕೊಡ್ತೀನಿ ಅಂತ ನಿಮ್ಮ ಕೋರ್ಸಿನ ಶಿವಲಕ್ಷ್ಮಿ ಮೇಡಂಗೆ ಮಾತೂ ಕೊಟ್ಟಿದ್ದೆ. ಇಲ್ಲೊಂದು ಪ್ರೈವೇಟ್ ಕಾಲೇಜ್ನೋರು, 'ಕ್ಲಾಸಿಗೆ ಬರೋದೇ ಬ್ಯಾಡ, ಫ್ಯಾಕ್ಟರಿಗೆ ಹೋಗ್ತಿರು, ಡಿಗ್ರಿ ಕೊಡ್ತೀವಿ' ಅಂದ್ರು. ಅವ್ರಿಗೆ ಕೊಟ್ಬುಟ್ಟೆ.

ಕೋರ್ಸ್ ನಡೀಬೇಕಂದ್ರೆ ಹದಿನೈದು ವೋಚರ್ ಬೇಕು, ಹದಿನಾಕೇ ಬಂದೈತೆ, ನಮ್ಮ ರೇಷ್ಮೆ ಕೋರ್ಸ್ ಮುಚ್ತಾರೆ ಅಂತ ನೀನು ಅತ್ತಾಗ, 'ನಮ್ಮೂರ ಆ ಬೈರೇಶ ಕೊಡ್ತೀನಂದು ಕೈ ಕೊಟ್ಟಿರ್ಬೇಕು' ಅಂದೋನು ನಾನೇ. ನೀನು ಹೊಂಗನೂರು ಬಸ್‌ಸ್ಟಾಪಲ್ಲಿ ಎಲ್ರ ಮುಂದೆ ಅವ್ನಿಗೆ, 'ವೋಚರ್ ಎಷ್ಟಕ್ಕೆ ಮಾರ್ಕೊಂಡೆ?' ಅಂದ್ಯಂತೆ. ಅವ್ನ ವೋಚರ್ ಆ ಹದಿನಾಕ್ರಲ್ಲೇ ಐತೆ. ಇವತ್ತು ಅವ್ನೇ ಫೋನ್ ಮಾಡಿ, 'ನಿನ್ ತಂಗಿ ಬೇಜಾರಲ್ಲವ್ಳೆ, ಬೈಬ್ಯಾಡ ಕಣ್ಲಾ' ಅಂದ.

ನನ್ ವೋಚರ್ ವಾಪಸ್ ಕೇಳ್ದೆ. ಈ ವರ್ಷ ಆಗಾಕಿಲ್ಲ ಅಂದ್ರು.

ಬೆಳಿಗ್ಗೆ ಬೈರೇಶ ಹುಳಕ್ಕೆ ಸೊಪ್ಪು ಕೊಯ್ಯೋಕೆ ನಮ್ಮನೆ ಮುಂದ್ಲಿಂದ್ಲೇ ಹೋಯ್ತಾನೆ. ನಿಲ್ಲಿಸಿ ಈ ವಾಯ್ಸ್ ಕೇಳ್ಸು. ಆಮ್ಯಾಕೆ ಬಸ್‌ಸ್ಟಾಪಲ್ಲೂ ಹಾಕು, ಒಸಿ ಜೋರಾಗೇ. ಅವ್ವ ಕೇಳಿದ್ರೂ ಕೇಳ್ಲಿ.

ನಿಮ್ಮಣ್ಣ,
ನಟರಾಜು