ಹುಟ್ಟಿದ ದಿನ ಒಪ್ಪದ ಯಂತ್ರ

ಕಪ್ಪತಗುಡ್ಡದ ಗಾಳಿಮನೆ. ಎರಡನೆಯ ಕಡಲೇರಿಕೆಯ ನಂತರದ ನೂರಾ ಹನ್ನೊಂದನೆಯ ಶ್ರಾವಣ. ಎದುರಿಗಿರುವ ಗಣಕಯಂತ್ರದ ಲೆಕ್ಕದಲ್ಲಿ ಮಾತ್ರ ಇದು ನಿಮ್ಮ ಕಾಲದ ಒಂದು ಮಂಗಳವಾರ. ಯಾಕೆಂದು ಮುಂದೆ ಹೇಳುತ್ತೇನೆ.

ಓದುವ ಹಿರಿಯರಿಗೆ ಫಕೀರವ್ವನ ಶರಣು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಆಕಾಶದಿಂದ ಬೀಳುವ ಕಸದಲ್ಲಿ. ನೀವು ಹಾರಿಸಿದ ಉಪಗ್ರಹಗಳಲ್ಲಿ ಕೆಲವು ಇನ್ನೂ ಸುತ್ತುತ್ತಿವೆ. ನೀವು ಒಬ್ಬರಿಗೊಬ್ಬರು ಕಳಿಸಿದ ಸಂದೇಶಗಳನ್ನು ಇವತ್ತಿಗೂ ಉದುರಿಸುತ್ತಿವೆ. ಹೆಚ್ಚಿನವು 'ಊಟ ಆಯ್ತಾ?' ಎಂದು ಕೇಳುತ್ತವೆ. ಸತ್ತವರ ಓಲೆ ತೆರೆಯಬಾರದೆಂದು ನಮ್ಮಲ್ಲಿ ಕಟ್ಟಳೆಯಿದೆ. ಹಾಗಾಗಿ ನಿಮ್ಮ ಕಾಲದ ದಿನಾಂಕ ಹೊತ್ತು ಬಂದದ್ದನ್ನೆಲ್ಲ ಎಲ್ಲ ಮನೆಗಳ ಯಂತ್ರಗಳೂ ತೆರೆಯದೆಯೇ ಒಂದು ಮೂಲೆಗೆ ತಳ್ಳುತ್ತವೆ. ಆ ಮೂಲೆಗೆ 'ಹಳೆಗುಂಡಿ' ಎನ್ನುತ್ತೇವೆ. ನನ್ನ ಹಳೆಯ ಯಂತ್ರ ನೆಟ್ಟಗಿದ್ದಾಗ ನಾನು ಅದನ್ನು ಕದ್ದು ಓದುತ್ತಿದ್ದೆ. ಒಬ್ಬಳೇ ಇರುವವಳನ್ನು ಬಯ್ಯಲು ಯಾರಿದ್ದಾರೆ? ಎಷ್ಟೋ ಸಲ 'ಆಯ್ತು, ನಿಮ್ಮದು?' ಎಂದು ಗಟ್ಟಿಯಾಗಿ ಕೇಳಿದ್ದೂ ಉಂಟು.

ಗಾಳಿಮನೆಯೆಂದರೆ ನೀವು ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರದ ಕಂಬದ ಬುಡ. ಅದರೊಳಗೇ ನನ್ನ ಸಂಸಾರ. ಸಂಸಾರವೆಂದರೆ ನಾನೊಬ್ಬಳು, ಒಂದು ನೀರಿನ ಹಂಡೆ, ಒಂದು ಕೇಳುಪೆಟ್ಟಿಗೆ. ಬೆಳಗ್ಗೆ ಜೋಳದ ರೊಟ್ಟಿ ಬಡಿದು ಹೊರಗಿನ ಕಬ್ಬಿಣದ ಬಾಗಿಲಿಗೆ ಹಚ್ಚುತ್ತೇನೆ, ಬಿಸಿಲೇ ಬೇಯಿಸಿಕೊಡುತ್ತದೆ. ತೆಗೆಯುವುದು ತಡವಾದರೆ ಇದ್ದಲಾಗುತ್ತದೆ. ಬಿಸಿಗಾಳಿ ಯಾವ ಕಡೆಯಿಂದ ಏಳುತ್ತಿದೆಯೆಂದು ನೋಡಿ ಸವದತ್ತಿಯವರಿಗೆ ತಿಳಿಸುವುದು ನನ್ನ ಕೆಲಸ. ಅಲ್ಲಿ ನನ್ನ ತಂಗಿ ನಿಂಬವ್ವ ಇದ್ದಾಳೆ. ಇಬ್ಬರ ನಡುವೆ ಬಯಲಿದೆ. ಅಲ್ಲಿ ಚೂರೂ ನೆರಳಿಲ್ಲ, ಹೊರಟವರು ಯಾರೂ ತಲುಪಿಲ್ಲ. ಕೇಳುಪೆಟ್ಟಿಗೆಯಲ್ಲಿ ಅವಳ ದನಿ ಕೇಳುತ್ತದೆ. ಉತ್ತರ ಕಳಿಸಲು ಮಾತ್ರ ಯಂತ್ರ ಬೇಕು. ಅಜ್ಜಿಯ ಕಾಲದ ಆ ಯಂತ್ರ ಹೋದ ಬೇಸಿಗೆಯಲ್ಲಿ ಹೊಗೆ ಬಿಟ್ಟು ಸುಟ್ಟುಹೋಯಿತು.

ಅಂದಿನಿಂದ ಅವಳು ಕರೆಯುತ್ತಿದ್ದಾಳೆ. "ಯಕ್ಕಾ, ಅದೀಯೋ ಇಲ್ಲೋ? ಒಂದ್ ಸಲಾ ಓ ಅನ್ನಬೇ. ಸಿಟ್ಟ ಬಂದಿದ್ರ ಬೈದರs ಬೈಯವಾ." ನಾನು ಇಲ್ಲಿ ಕೂತು "ಅದೀನಿ ನನ್ನವ್ವಾ, ಅದೀನಿ" ಎಂದು ಕಬ್ಬಿಣದ ಗೋಡೆಗೆ ಹೇಳುತ್ತೇನೆ. ದನಿ ನಿಂತವರ ಹೆಸರನ್ನು ಶ್ರಾವಣದ ಅಮಾವಾಸ್ಯೆಗೆ ಇಳಿಸುವುದು ನಮ್ಮ ಪದ್ಧತಿ. ಎಡೆ ಇಟ್ಟು, ಹೆಸರನ್ನು ಕೊನೆಯದಾಗಿ ಒಮ್ಮೆ ಕೂಗುತ್ತಾರೆ. ಆಮೇಲೆ ಆ ಹೆಸರನ್ನು ಯಾರೂ ಗಾಳಿಯಲ್ಲಿ ಕರೆಯುವುದಿಲ್ಲ. ನಾಳೆ ಅಮಾವಾಸ್ಯೆ. ಇಳಿಯಲಿರುವುದು ನನ್ನ ಹೆಸರು.

ಸುಮ್ಮನೆ ಕೂತಿದ್ದೆನೆಂದು ತಿಳಿಯಬೇಡಿ. ಪಕ್ಕದ ಖಾಲಿ ಕಂಬಗಳನ್ನೆಲ್ಲ ತಡಕಿ, ಸಿಕ್ಕ ಭಾಗಗಳಿಂದ ಹೊಸ ಯಂತ್ರ ಕಟ್ಟಿದೆ. ಕಟ್ಟಿದ ಯಂತ್ರಕ್ಕೆ ಬುದ್ಧಿ ತುಂಬಬೇಕಲ್ಲ. ಅದಕ್ಕೆ 'ಬೀಜಕಡ್ಡಿ' ಇದೆ. ನೀವು ಪೆನ್ ಡ್ರೈವ್ ಎನ್ನುತ್ತಿದ್ದಿರಿ, ಅದೇ. ಅಜ್ಜಿಯ ಯಂತ್ರದ ಬೀಜ ಬೇರೆಯಿತ್ತು, ಅದರೊಡನೆಯೇ ಸುಟ್ಟಿತು. ಮನೆಯಲ್ಲಿ ಉಳಿದಿದ್ದ ಬೀಜ ನಿಮ್ಮ ಕಾಲದಲ್ಲಿ ತಯಾರಾದದ್ದು. ಹೊಸ ಯಂತ್ರಕ್ಕೆ ಎಲ್ಲಕ್ಕಿಂತ ಮೊದಲು ಹುಟ್ಟಿದ ಗಳಿಗೆ ಬರೆಯುತ್ತೇವೆ, ಕೂಸಿಗೆ ಬರೆದಂತೆ. ನಾನೂ ಅರಿಶಿನದ ಬೊಟ್ಟಿಟ್ಟು, ಯಂತ್ರದೊಳಗಿನ ಗಡಿಯಾರದಲ್ಲಿ ನಿಜವಾದ ದಿನ ತುಂಬಿ, ಕಡ್ಡಿ ಚುಚ್ಚಿದೆ. ಅರ್ಧ ದಾರಿ ಹೋಗಿ ನಿಂತುಬಿಟ್ಟಿತು. ಪರದೆಯ ಮೇಲೆ 'ಏನೋ ತಪ್ಪಾಗಿದೆ' ಎಂದಷ್ಟೇ ಬಂತು. ಏನು ತಪ್ಪಾಗಿದೆ ಎಂದು ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ನೆನಪಿನ ಪಟ್ಟಿಗಳನ್ನು, ಅಂದರೆ ನಿಮ್ಮ ರ‍್ಯಾಮ್‌ಗಳನ್ನು, ಕಿತ್ತು, ಒರೆಸಿ, ಕೂಡಿಸಿದೆ. ಒಂದನ್ನೇ ಇಟ್ಟು ನೋಡಿದೆ, ಜಾಗ ಬದಲಿಸಿ ನೋಡಿದೆ. ಡಿಸ್ಕನ್ನು ಪೂರ್ತಿ ಅಳಿಸಿದೆ. ಕಡ್ಡಿಯನ್ನು ಬೇರೆ ಬೇರೆ ತೂತಿಗೆ ಹಾಕಿದೆ. ಬಿಸಿಯಾಗಿ ನಿಲ್ಲುತ್ತಿದೆಯೇನೋ ಎಂದು ಸೆರಗಿನಿಂದ ಗಾಳಿ ಬೀಸುತ್ತ ಕೂತೆ. ಪ್ರತಿ ಸಲವೂ ಅದೇ ಹಾಳು ಮಾತು. ಎಲ್ಲವನ್ನೂ ಅನುಮಾನಿಸಿದೆ, ಹುಟ್ಟಿದ ಗಳಿಗೆಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಸುಳ್ಳು ಬರೆಯುವುದು ನಮ್ಮಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ.

ಮೊನ್ನೆ ಮಧ್ಯಾಹ್ನ ತಲೆ ಕೆಟ್ಟು ಯಂತ್ರದ ಪೆಟ್ಟಿಗೆಗೆ ಒಂದು ಏಟು ಬಿಟ್ಟೆ. ಗಡಿಯಾರದ ಬಿಲ್ಲೆ ಸೆಲ್ ಜಾರಿ ನೆಲಕ್ಕೆ ಬಿತ್ತು. ಅದಿಲ್ಲದೆಯೇ ಚಾಲೂ ಮಾಡಿದೆ. ದಿನಾಂಕ ಒಳಗಿನ ಮದರ್‌ಬೋರ್ಡ್ ಹಲಗೆ ತಯಾರಾದ ದಿನಕ್ಕೆ, ಅಂದರೆ ನಿಮ್ಮ ಕಾಲಕ್ಕೆ, ಬಿದ್ದುಹೋಗಿತ್ತು. ಬೀಜ ಸರಾಗವಾಗಿ ಇಳಿಯಿತು! ಪರದೆ ಬೆಳಗಿ 'ಸುಸ್ವಾಗತ' ಎಂದಿತು. ನನ್ನನ್ನು ಯಾರಾದರೂ ಸ್ವಾಗತಿಸಿ ಎಷ್ಟು ಕಾಲವಾಗಿತ್ತೋ, ಹೋ ಎಂದು ಅತ್ತುಬಿಟ್ಟೆ. ಕೂಡಲೇ 'ಸತ್ತಿಲ್ಲಬೇ, ಅದೀನಿ' ಎಂದು ಬರೆದು ಸವದತ್ತಿಗೆ ಕಳಿಸಿದೆ.

ಸಂಜೆ ನಿಂಬವ್ವ ಮತ್ತೆ ಕರೆದಳು, ಅದೇ ದನಿಯಲ್ಲಿ. "ಯಕ್ಕಾ, ಹೆಸರ ಇಳಿಸಾಕ ನನಗ ಮನಸಿಲ್ಲ. ಹಿರೇರು ಕೇಳವಲ್ರು." ನನ್ನ ಓಲೆ ಅವಳಿಗೆ ಮುಟ್ಟಿರಲಿಲ್ಲ. ಅದರ ಹಣೆಯ ಮೇಲೆ ನಿಮ್ಮ ಕಾಲದ ದಿನಾಂಕವಿತ್ತು. ಸವದತ್ತಿಯ ಯಂತ್ರ ಅದನ್ನು ಸತ್ತವರ ಓಲೆಯೆಂದು ಹಳೆಗುಂಡಿಗೆ ತಳ್ಳಿತ್ತು. ನನ್ನ ತಂಗಿ ಕಟ್ಟಳೆ ಮೀರುವವಳಲ್ಲ, ಅವಳು ಅದನ್ನು ಇಣುಕಿಯೂ ನೋಡುವುದಿಲ್ಲ. ಗಡಿಯಾರ ಸರಿಮಾಡಿ ಕಳಿಸೋಣವೆಂದು ನಿಜವಾದ ದಿನ ಬರೆದೆ. ಯಂತ್ರ ತಟ್ಟನೆ ಮುಚ್ಚಿಕೊಂಡಿತು. ಈ ಸಲ ಕಾರಣ ಹೇಳುವ ದೊಡ್ಡ ಮನಸ್ಸು ಮಾಡಿತು: ಬೀಜದ ಸಹಿಯ ಅವಧಿ ಮುಗಿದಿದೆಯಂತೆ. ಅದನ್ನು ತಯಾರಿಸಿದವರು, ಇಂಥ ದಿನದ ನಂತರ ಇದನ್ನು ನಂಬಬೇಡ ಎಂದು ಒಳಗೆ ಒಂದು ಕೊನೆಯ ದಿನ ಬರೆದಿಟ್ಟಿದ್ದಾರೆ. ಆ ದಿನದಾಚೆಗೂ ಯಾರಾದರೂ ಬದುಕಿರಬಹುದೆಂದು ಪುಣ್ಯಾತ್ಮರಿಗೆ ಅನ್ನಿಸಲೇ ಇಲ್ಲವೇನೋ. ಸವದತ್ತಿಯಲ್ಲಿ ಬೇರೆ ಬೀಜವಿದೆ. ಕೇಳಲು ನನಗೆ ಬಾಯಿಲ್ಲ.

ಹೀಗಾಗಿ ನನ್ನ ಯಂತ್ರ ನಿಮ್ಮ ಕಾಲದಲ್ಲಿ ಮಾತ್ರ ಬದುಕುತ್ತದೆ, ನಿಮ್ಮ ದಿನಾಂಕದಲ್ಲಿ ಮಾತ್ರ ಮಾತಾಡುತ್ತದೆ. ನನ್ನ ಮಾತು ತೆರೆದು ಓದುವವರು ಯಾರಾದರೂ ಇದ್ದರೆ ಅದು ನೀವೇ. ಅದಕ್ಕೇ ಸ್ವಂತ ತಂಗಿಯನ್ನು ಬಿಟ್ಟು, ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ.

ಕೈ ಮುಗಿದು ಕೇಳುತ್ತೇನೆ. ಈ ಬೀಜವನ್ನು ತಯಾರಿಸುವವರು ನಿಮ್ಮ ನಡುವೆಯೇ ಎಲ್ಲೋ ಕೂತು ಚಹಾ ಕುಡಿಯುತ್ತಿದ್ದಾರೆ. ಹೋಗಿ, ಆ ಕೊನೆಯ ದಿನವನ್ನು ಅಳಿಸಲು ಹೇಳಿ. ಅವರು ಅಳಿಸಿದರೆ ಯಂತ್ರ ಮೊದಲ ದಿನವೇ ತೆರೆದುಕೊಳ್ಳುತ್ತದೆ, ನಿಂಬವ್ವ ಕರೆದ ಮೊದಲ ಸಲವೇ ನಾನು ಓ ಎನ್ನುತ್ತೇನೆ. ಆಗ ನಿಮಗೆ ಬರೆಯುವ ಪ್ರಮೇಯವೇ ನನಗೆ ಬರುವುದಿಲ್ಲ, ಈ ಪತ್ರವೂ ಇರುವುದಿಲ್ಲ. ಇದು ನಿಮ್ಮ ಕಣ್ಣೆದುರು ಇನ್ನೂ ಇದೆಯೆಂದರೆ, ನೀವು ಇನ್ನೂ ಎದ್ದು ಹೋಗಿಲ್ಲ.