ಎದುರು ಪಕ್ಷದ ಕುರ್ಚಿ

ಐಯೊವಾ
ನವೆಂಬರ್ 11, 2022

ಪ್ರೀತಿಯ ಲವಾನ್,

ಅರಿಜೋನಾದಲ್ಲಿ ಮಗಳ ಮನೆಯಲ್ಲಿ ಬೆಚ್ಚಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಈಸ್ಟರ್ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹಾಳೆ ಹರಿದುಹಾಕಿದೆ.

ಮಂಗಳವಾರ ಚುನಾವಣೆ ಮುಗಿಯಿತು. ಈ ಸಲ ನಮ್ಮ ಚರ್ಚಿನ ಮತಗಟ್ಟೆ ಉಳಿಯುವುದೇ ಅನುಮಾನವಿತ್ತು. ಕಾನೂನಿನ ಪ್ರಕಾರ ಮೇಜಿನ ಹಿಂದೆ ಎರಡೂ ಪಕ್ಷದವರು ಕೂರಲೇಬೇಕಲ್ಲ. ನಮ್ಮ ರಿಪಬ್ಲಿಕನ್ನರಿಗೇನೂ ಬರವಿಲ್ಲ, ಆದರೆ ನೀನು ಹೋದ ಮೇಲೆ ಡೆಮಾಕ್ರಟ್ ಎಂದು ಹೇಳಿಕೊಂಡು ಕೂರುವವರು ಊರಲ್ಲಿ ಒಬ್ಬರೂ ಸಿಗಲಿಲ್ಲ. ಹೀಗಾದರೆ ಪಕ್ಕದೂರಿಗೆ ಸೇರಿಸಿಬಿಡುತ್ತೇವೆ ಎಂದರು ಕೌಂಟಿ ಕಚೇರಿಯವರು. ನಾವಿಬ್ಬರೂ ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತ ಮೇಜು ಅದು. ತಡೆಯಲಾರದೆ ಹೋಗಿ, ಮತದಾರರ ನೋಂದಣಿ ಕಾಗದದಲ್ಲಿ ನಿನ್ನ ಪಕ್ಷಕ್ಕೆ ಗುರುತು ಹಾಕಿ ಸಹಿ ಮಾಡಿಬಿಟ್ಟೆ. ನಗಬೇಡ. ಮತ ಯಾರಿಗೆ ಹಾಕಿದೆ ಅಂತಲೂ ಕೇಳಬೇಡ.

ನನ್ನ ಹಳೆಯ ಕುರ್ಚಿಗೆ ನಿನ್ನ ಪಕ್ಕದ ಮನೆಯ ಮರ್ಲ್ ಬಂದ. ನಾನು ಪಕ್ಷ ಬದಲಿಸಿದ್ದಕ್ಕೆ ನಮ್ಮಪ್ಪ ಗೋರಿಯಿಂದ ಎದ್ದು ಬರುತ್ತಾರೆ ಅಂತ ದಿನವಿಡೀ ನನ್ನ ಕಾಲೆಳೆದ. ನಾನು ನಿನ್ನ ಕುರ್ಚಿಯಲ್ಲಿ ಕೂತೆ. ನಿನ್ನ ದಿಂಬು ಅಲ್ಲೇ ಇದೆ. ನನ್ನ ಜಾಗದಿಂದ ಬರೀ ಗೋಡೆ ಕಾಣುತ್ತಿತ್ತು, ನಿನ್ನದರಿಂದ ಕಿಟಕಿಯಾಚೆ ನಿನ್ನ ಮನೆಯ ಅಂಗಳ. ಎರಡು ವರ್ಷದ ಹಿಂದೆ ಅಲ್ಲಿದ್ದ ನಿನ್ನ ಪಕ್ಷದ ಬೋರ್ಡನ್ನು ಯಾರೋ ಕಿತ್ತೊಯ್ದರೆಂದೇ ಅಲ್ಲವೆ, ಈ ಊರಿನ ಸಹವಾಸ ಸಾಕೆಂದು ನೀನು ಮನೆಗೆ ಬೀಗ ಹಾಕಿ ಹೋದದ್ದು. ಮಧ್ಯಾಹ್ನವೆಲ್ಲ ಆ ಅಂಗಳವನ್ನೇ ನೋಡುತ್ತಾ ಕೂತಿದ್ದೆ.

ಮತಪೆಟ್ಟಿಗೆಯನ್ನು ಕೌಂಟಿ ಕಚೇರಿಗೆ ಒಯ್ಯುವ ಕಾರಿನಲ್ಲೂ ಎರಡೂ ಪಕ್ಷದವರು ಇರಬೇಕಲ್ಲ. ನೀನಿದ್ದಾಗ ಆ ಹದಿನೆಂಟು ಮೈಲಿಯಲ್ಲಿ ರಾಜಕೀಯ ಬಿಟ್ಟು ಲೋಕದ ಮಾತೆಲ್ಲ ಆಡುತ್ತಿದ್ದೆವು, ನಿನ್ನ ಸೇಬಿನ ಪೈ ಖಾಲಿಯಾಗುತ್ತಿತ್ತು. ಈ ಸಲ ಪಕ್ಕದಲ್ಲಿ ಮರ್ಲ್ ಇದ್ದ.

ಅರ್ಧ ದಾರಿಯಲ್ಲಿ, "ಲವಾನ್ ಹೋಗೋವಾಗ ನನ್ನ ಮುಖಾನೂ ನೋಡ್ಲಿಲ್ಲ ಆರ್ಡಿಸ್. ಆ ಬೋರ್ಡು ಕಿತ್ತೋನು ನಾನಲ್ಲ ಅಂತ ನೀನಾದ್ರೂ ಅವಳಿಗೆ ಹೇಳು" ಅಂದ.

ಹೂಂ ಅಂದೆ.

ನೀನಿಲ್ಲದೆ ಊರು ಬಿಕೋ ಎನ್ನುತ್ತಿದೆ. ನನ್ನ ಮಾತಿಗೆ ಇಲ್ಲ ಅನ್ನುವವರೇ ಇಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ನಿನ್ನ ಜೊತೆ ಒಮ್ಮೆ ಚೆನ್ನಾಗಿ ಜಗಳವಾಡಬೇಕು ಅನ್ನಿಸುತ್ತದೆ. ದೇವರು ನಿನ್ನನ್ನೂ ಮಗಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಆರ್ಡಿಸ್

ಮರೆತಿದ್ದೆ: ಮರೆತಿದ್ದೆ ಎನ್ನುವುದು ಸುಳ್ಳು. ಬೋರ್ಡು ಕಿತ್ತವಳು ನಾನು. ಪ್ರತಿ ಭಾನುವಾರ ಚರ್ಚಿನವರು ಅದನ್ನು ನೋಡಿ ನನ್ನನ್ನು ಚುಚ್ಚುತ್ತಿದ್ದರು. ಅದೀಗ ನನ್ನ ನೆಲಮಾಳಿಗೆಯಲ್ಲಿ, ಉಪ್ಪಿನಕಾಯಿ ಬಾಟಲಿಗಳ ಹಿಂದಿದೆ. ನೀನು ಬಂದು ಕೇಳಿದರೆ ಒಪ್ಪಿಕೊಳ್ಳೋಣ ಎಂದು ಅದನ್ನು ಕಿತ್ತ ವಾರವಿಡೀ ಕಾಯುತ್ತಿದ್ದೆ. ನೀನು ಊರವರನ್ನೆಲ್ಲ ಅನುಮಾನಿಸಿದೆ, ಲವಾನ್. ನನ್ನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ.